ಮಂಚದ ಪಕ್ಕದಲ್ಲಿದ್ದ ಲೋಟದ ನೀರು

ಓದುಗರೊಬ್ಬರು ಬರೆದಿದ್ದಾರೆ: “ಅಣ್ಣ ಮೂರು ತಿಂಗಳು ದೀಕ್ಷಾಸ್ನಾನದ (ಬ್ಯಾಪ್ಟಿಸಮ್) ತರಗತಿಗೆ ಹೋಗಿದ್ದ. ಈಸ್ಟರ್ ದಿನ ನೀರಿಗಿಳಿಯಬೇಕಿತ್ತು. ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಆಸ್ಪತ್ರೆಯಲ್ಲಿ ತೀರಿಕೊಂಡ. ನಂಬಿ ದೀಕ್ಷಾಸ್ನಾನ ಮಾಡಿಸಿಕೊಂಡವನಿಗೆ ರಕ್ಷಣೆ ಎಂದು ಮಾರ್ಕನ ಸುವಾರ್ತೆ ಹೇಳುತ್ತದಲ್ಲ, ಹಾಗಾದರೆ ನನ್ನ ಅಣ್ಣ ಎಲ್ಲಿದ್ದಾನೆ? ಮಂಚದ ಪಕ್ಕದಲ್ಲೇ ಲೋಟದಲ್ಲಿ ನೀರಿತ್ತು. ನನಗೆ ಹೊಳೆಯಲೇ ಇಲ್ಲ. ದೀಕ್ಷಾಸ್ನಾನಕ್ಕೆಂದು ಅವನಿಗೆ ಹೊಲಿಸಿದ ಬಿಳಿ ಅಂಗಿ ಇನ್ನೂ ಬೀರುವಿನಲ್ಲಿದೆ.”

ಸಂಪಾದಕರ ಉತ್ತರ:

ಪ್ರೀತಿಯ ಸಹೋದರಿ, ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಅಣ್ಣ ಯಾರನ್ನು ನಂಬಿದರೋ ಅವರ ಬಳಿಯೇ ಇದ್ದಾರೆ.

ನೀವು ಹೇಳಿದ ವಚನವನ್ನು (ಮಾರ್ಕ 16:16) ಕೊನೆಯವರೆಗೆ ಓದಿ ನೋಡಿ. ಮೊದಲ ಅರ್ಧದಲ್ಲಿ ನಂಬಿಕೆಯೂ ಇದೆ, ದೀಕ್ಷಾಸ್ನಾನವೂ ಇದೆ. ದಂಡನೆಯ ಮಾತು ಬರುವ ಎರಡನೇ ಅರ್ಧದಲ್ಲಿ ನಂಬದವನ ಪ್ರಸ್ತಾಪ ಮಾತ್ರ ಇದೆ, ನೀರಿನ ಮಾತೇ ಇಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳನಿಗೆ ಕೆಳಗಿಳಿದು ಮೀಯುವ ಅವಕಾಶ ಎಲ್ಲಿತ್ತು? “ಈ ದಿನವೇ ನನ್ನ ಸಂಗಡ ಪರದೈಸಿನಲ್ಲಿರುವಿ” ಎಂಬ ಸ್ವರ್ಗದ ಭರವಸೆ ಯೇಸುವಿನಿಂದ ಅವನಿಗೆ ಸಿಕ್ಕಿತು.

ನಿಮ್ಮಂತೆಯೇ ಅತ್ತ ತಂಗಿಯರು ಹಿಂದೆಯೂ ಇದ್ದರು. ಕ್ರಿ.ಶ. 392ರಲ್ಲಿ ರೋಮ್ ಚಕ್ರವರ್ತಿ ಎರಡನೇ ವ್ಯಾಲೆಂಟಿನಿಯನ್ ಚಿಕ್ಕ ವಯಸ್ಸಿನಲ್ಲೇ ಸತ್ತ. ದೀಕ್ಷಾಸ್ನಾನ ಕೊಡಿಸಿ ಎಂದು ಮಿಲಾನ್‌ನ ಬಿಷಪ್ ಅಂಬ್ರೋಸ್‌ಗೆ ಹೇಳಿಕಳಿಸಿದ್ದ. ಅವರು ತಲುಪುವ ಮೊದಲೇ ಸಾವು ಬಂತು. ಅಣ್ಣ ನೀರು ಕಾಣದೆ ಹೋದ ಎಂಬುದೇ ತಂಗಿಯರ ಸಂಕಟ. ಶವಸಂಸ್ಕಾರದ ಉಪದೇಶದಲ್ಲಿ ಅಂಬ್ರೋಸ್ ಆ ತಂಗಿಯರನ್ನು ಕೇಳಿದ್ದರ ತಾತ್ಪರ್ಯ ಇಷ್ಟು: ಬಯಸುವುದು, ಬೇಡುವುದು ಬಿಟ್ಟರೆ ನಮ್ಮ ಕೈಯಲ್ಲಿ ಬೇರೇನಿದೆ? ಅವನು ಬೇಡಿದ, ಬೇಡಿದ್ದು ಅವನಿಗೆ ಸಿಕ್ಕಿದೆ. ದೀಕ್ಷಾಸ್ನಾನದ ಅಗತ್ಯವನ್ನು ಬಹಳ ಒತ್ತಿ ಹೇಳುವ ಕಥೋಲಿಕ ಸಭೆ ಕೂಡ, ಅದಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಾ ತೀರಿಹೋದವರ ವಿಷಯದಲ್ಲಿ ಇದನ್ನೇ ಬೋಧಿಸುತ್ತದೆ. ‘ಬಯಕೆಯ ದೀಕ್ಷಾಸ್ನಾನ’ ಎಂಬ ಮಾತು ಹುಟ್ಟಿದ್ದೇ ಇಂಥವರಿಗಾಗಿ.

ಹಾಗಾದರೆ ನೀರು ಯಾಕೆ ಬೇಕು ಎಂದು ಯಾರಾದರೂ ಕೇಳಿಯಾರು. ಬೇಕು, ಖಂಡಿತ ಬೇಕು. ನಮ್ಮ ಭಾಷೆ ಇದಕ್ಕೆ ದೀಕ್ಷೆ, ಸ್ನಾನ ಎಂಬ ಎರಡು ಪದ ಸೇರಿಸಿ ಹೆಸರಿಟ್ಟಿದೆ. ನಾವು ಸ್ನಾನವನ್ನಷ್ಟೇ ನೋಡಿ ದೀಕ್ಷೆಯನ್ನು ಮರೆಯುತ್ತೇವೆ. ಇದು ಮೈಯ ಕೊಳೆ ತೊಳೆಯುವ ಕೆಲಸವಲ್ಲ ಎಂದು ಯೇಸುವಿನ ಶಿಷ್ಯ ಪೇತ್ರನು ತನ್ನ ಪತ್ರದಲ್ಲಿ ಬಿಡಿಸಿ ಹೇಳಿದ್ದಾನೆ. ಪೌಲನಂತೂ ರೋಮಾಪುರದವರಿಗೆ ಬರೆಯುವಾಗ ಸ್ನಾನದ ಮಾತು ಬಿಟ್ಟು ಸಮಾಧಿಯ ಮಾತೆತ್ತುತ್ತಾನೆ: ಕ್ರಿಸ್ತನ ಜೊತೆ ಸತ್ತು ಹೂಣಲ್ಪಟ್ಟೆವು, ಆತನು ಎದ್ದ ಹಾಗೆ ನಾವೂ ಹೊಸ ಬಾಳಿಗೆ ಎದ್ದು ನಡೆಯಬೇಕು.

4ನೇ ಶತಮಾನದ ಯೆರೂಸಲೇಮಿನ ಸಭೆಯಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯುತ್ತಿತ್ತು. ಕತ್ತಲು ಬರುವ ದಿಕ್ಕೆಂದು ಪಡುವಣಕ್ಕೆ ಮುಖ ಮಾಡಿ, ಕೈ ಚಾಚಿ, ಸೈತಾನನನ್ನು ತೊರೆದೆ ಎಂದು ಅವನಿಗೇ ಎದುರು ನಿಂತು ಹೇಳಿದಂತೆ ಹೇಳಬೇಕು. ಆಮೇಲೆ ಮೂಡಣಕ್ಕೆ ತಿರುಗಿ ನಂಬಿಕೆಯನ್ನು ಅರಿಕೆ ಮಾಡಬೇಕು. ಹಳೆಯ ಬಟ್ಟೆ ಕಳಚಿ, ಎಣ್ಣೆ ಹಚ್ಚಿಸಿಕೊಂಡು, ಕೊಳಕ್ಕಿಳಿದು ಮೂರು ಸಲ ಮುಳುಗಿ ಏಳಬೇಕು. ಆ ಮೂರು ಮುಳುಗು ಯೇಸು ಸಮಾಧಿಯಲ್ಲಿದ್ದ ಮೂರು ದಿನಗಳ ಗುರುತು. ಆ ನೀರೇ ನಿಮಗೆ ಸಮಾಧಿಯೂ ಆಯಿತು, ಹೆತ್ತ ತಾಯಿಯೂ ಆಯಿತು ಎಂದು ಹೊಸಬರಿಗೆ ಅಲ್ಲಿ ಬೋಧಿಸುತ್ತಿದ್ದರು. ಎಷ್ಟು ಸಲ ಓದಿದರೂ ಈ ಮಾತಿನ ಮುಂದೆ ನಾನು ಸುಮ್ಮನೆ ನಿಲ್ಲುತ್ತೇನೆ.

ಹೀಗಿರುವಾಗ ಇದನ್ನು ರಕ್ಷಣೆಗೆ ನಾವು ಕಟ್ಟುವ ಶುಲ್ಕ ಎಂದುಕೊಂಡರೆ ಎಲ್ಲವೂ ತಲೆಕೆಳಗಾಗುತ್ತದೆ. ತನಗೆ ತಾನೇ ದೀಕ್ಷಾಸ್ನಾನ ಕೊಟ್ಟುಕೊಳ್ಳಲು ಯಾರಿಗೂ ಬರುವುದಿಲ್ಲ, ಗಮನಿಸಿದ್ದೀರಾ? ಇನ್ನೊಬ್ಬರ ಕೈಗೆ ಮೈಯೊಪ್ಪಿಸಿ ಪಡೆಯಬೇಕು. ದೇವರು ಕೊಡುತ್ತಾನೆ, ಸಭೆ ಸಾಕ್ಷಿಯಾಗಿ ನಿಲ್ಲುತ್ತದೆ. ಅದಕ್ಕೇ ಅವಕಾಶ ಇರುವವರು ಅದನ್ನು ಮುಂದೂಡಬಾರದು. ಬೈಬಲಿನಲ್ಲಿ ಬರುವ ಐಥಿಯೋಪ್ಯದ ಅಧಿಕಾರಿ ಗಾಜಾದ ದಾರಿಯಲ್ಲಿ ನೀರು ಕಂಡ ಕೂಡಲೇ ರಥ ನಿಲ್ಲಿಸಿ ದೀಕ್ಷಾಸ್ನಾನ ಪಡೆದ. ನಿಮ್ಮ ಅಣ್ಣ ಮುಂದೂಡಿದವರಲ್ಲ, ದಿನ ಗೊತ್ತುಮಾಡಿಕೊಂಡು ಕಾದವರು.

ಇನ್ನು ಆ ಲೋಟದ ನೀರು. ಅದು ಸಾಕಾಗುತ್ತಿತ್ತೇ? ಅನೇಕ ಸಭೆಗಳ ಪ್ರಕಾರ ಸಾಕಾಗುತ್ತಿತ್ತು, ನಿಮ್ಮಿಂದ ಅದನ್ನು ಮುಚ್ಚಿಡಲಾರೆ. ಆದಿಸಭೆಯ ದಿದಾಖೆ ಎಂಬ ಕೈಪಿಡಿ, ಹರಿಯುವ ನೀರು ಉತ್ತಮ, ಅದಿಲ್ಲದಿದ್ದರೆ ಬೇರೆ ನೀರು, ಅದೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿದರಾಯಿತು ಎನ್ನುತ್ತದೆ. ಮುಳುಗಿಸಲೇಬೇಕು ಎನ್ನುವ ಸಭೆಗಳೂ ಇವೆ, ಅವರಿಗೂ ಅವರದೇ ಆಧಾರವಿದೆ. ಆದರೆ ಸಹೋದರಿ, ಉಸಿರಿಗೆ ಪರದಾಡುವ ಅಣ್ಣನ ಪಕ್ಕ ಕೂತ ತಂಗಿಗೆ ಆ ನೀರು ಕುಡಿಸುವ ನೀರಾಗಿಯೇ ಕಾಣುತ್ತದೆ. ತುಟಿ ಒದ್ದೆ ಮಾಡಿರುತ್ತೀರಿ. ಅದಕ್ಕಾಗಿ ದೇವರು ನಿಮ್ಮನ್ನು ಲೆಕ್ಕ ಕೇಳುವವನಲ್ಲ. ನೀವೂ ನಿಮ್ಮನ್ನು ಕೇಳಿಕೊಳ್ಳಬೇಡಿ.

ಆ ಬಿಳಿ ಅಂಗಿಯನ್ನು ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಅದರ ಬಗ್ಗೆ ಬರೆದಿದ್ದೀರಿ. ಕೊಡಲು ಮನಸ್ಸು ಬಾರದಿದ್ದರೆ ಇಟ್ಟುಕೊಳ್ಳಿ, ಅವಸರವಿಲ್ಲ. ಮನಸ್ಸಾದ ದಿನ ಸಭಾಪಾಲಕರಿಗೆ ಹೇಳಿ. ಮುಂದಿನ ತರಗತಿಯಲ್ಲಿ ಆ ಅಳತೆಯವರು ಒಬ್ಬರಾದರೂ ಇರುತ್ತಾರೆ. ಕೊಡುವಾಗ ಅಣ್ಣನ ಹೆಸರು ಹೇಳಿ ಕೊಡಿ.