ಸಂಬಳವಿಲ್ಲದವರ ಮಾತಿಗೆ ಅಂಕೆ ಬೇಡವೆ?

ಮಾನ್ಯರೇ,

ತಂತ್ರಾಂಶ ಯೋಜನೆಗಳ ಮುಂದಾಳುಗಳು ಬಹಿರಂಗವಾಗಿ ಬರೆಯುವಾಗ ಸಭ್ಯತೆ ಮೀರಬಾರದೆಂದು ಕಳೆದ ಸಂಚಿಕೆಯಲ್ಲಿ ಲಿನಕ್ಸ್ (ಗಣಕಗಳನ್ನು ನಡೆಸುವ ಮುಕ್ತ ತಂತ್ರಾಂಶ) ಕುರಿತ ಲೇಖನದಲ್ಲಿದ್ದ ಮಾತಿಗೆ ನೀವು ಆಕ್ಷೇಪ ಎತ್ತಿದ್ದೀರಿ. ಬಿಟ್ಟಿಯಾಗಿ ದುಡಿಯುವವರಿಂದ ಸವಿಮಾತನ್ನೂ ಬಯಸುವುದು ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಿದಂತೆ ಎಂಬುದು ನಿಮ್ಮ ಮೊದಲ ವಾದ. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರ ಗದರಿಕೆಯೇ ಅದರ ತಿರುಳಾದ ಕರ್ನಲ್‌ನ ಗುಣಮಟ್ಟವನ್ನು ಕಾಯ್ದಿದೆ ಎಂಬುದು ಎರಡನೆಯದು.

ಇಂಥದೇ ಸೌಲಭ್ಯ ಬೇಕು, ಇಂದೇ ಬೇಕು ಎಂದು ಸ್ವಯಂಸೇವಕರ ಬೆನ್ನುಹತ್ತುವ ಹಕ್ಕು ಬಳಕೆದಾರರಿಗೆ ಇಲ್ಲವೆಂಬುದನ್ನು ಒಪ್ಪುತ್ತೇನೆ. ಆದರೆ ನಿಂದಿಸಬೇಡಿ ಎನ್ನುವುದು ಹೆಚ್ಚಿನ ದುಡಿಮೆಯ ಬೇಡಿಕೆಯಲ್ಲ. ಅಲ್ಲದೆ, 1991ರಲ್ಲಿ ಹವ್ಯಾಸವಾಗಿ ಆರಂಭವಾದ ಲಿನಕ್ಸ್‌ಗೆ ಇಂದು ಕೋಡ್ ಬರೆಯುವವರಲ್ಲಿ ಬಹುಪಾಲು ಮಂದಿ ಕಂಪನಿಗಳ ನೌಕರರು. ಟೊರ್ವಾಲ್ಡ್ಸ್ ಅವರಿಗೂ ಲಿನಕ್ಸ್ ಫೌಂಡೇಶನ್ ಸಂಬಳ ಕೊಡುತ್ತದೆ. ನಿಜವಾಗಿ ಬಿಟ್ಟಿ ದುಡಿಯುವವರು ರಾತ್ರಿಯ ಬಿಡುವಿನಲ್ಲಿ ಕುಳಿತು ಮೊದಲ ಪ್ಯಾಚ್ (ಕೋಡ್‌ಗೆ ಸೂಚಿಸುವ ತಿದ್ದುಪಡಿ) ಕಳುಹಿಸುವ ವಿದ್ಯಾರ್ಥಿಗಳಂಥವರು, ಮತ್ತು ಅದನ್ನು ಸ್ವೀಕರಿಸುವ ಅಥವಾ ತಳ್ಳಿಹಾಕುವ ಅಧಿಕಾರವಿರುವವರ ಮಾತಿನ ಧಾಟಿಯೇ ಅವರು ಎರಡನೆಯದನ್ನು ಕಳುಹಿಸುವರೋ ಇಲ್ಲವೋ ಎಂಬುದನ್ನು ಎಷ್ಟೋ ಸಲ ತೀರ್ಮಾನಿಸಿಬಿಡುತ್ತದೆ.

ಗುಣಮಟ್ಟದ ವಿಷಯಕ್ಕೆ ಬರೋಣ. 2012ರ ಡಿಸೆಂಬರ್‌ನಲ್ಲಿ ಕರ್ನಲ್‌ನ ಒಂದು ಬದಲಾವಣೆಯಿಂದ ಧ್ವನಿಗೆ ಸಂಬಂಧಿಸಿದ ತಂತ್ರಾಂಶಗಳು ಕೆಟ್ಟಾಗ, ಆ ಭಾಗದ ನಿರ್ವಾಹಕರು ದೋಷವನ್ನು ಆ ತಂತ್ರಾಂಶಗಳ ಮೇಲೆಯೇ ಹೊರಿಸಿದರು. ಬಳಕೆದಾರರ ತಂತ್ರಾಂಶವನ್ನು ಕರ್ನಲ್ ಕೆಡಿಸಕೂಡದೆಂಬ ನಿಯಮವನ್ನು ಟೊರ್ವಾಲ್ಡ್ಸ್ ನೆನಪಿಸಿದ್ದು ನೂರಕ್ಕೆ ನೂರು ಸರಿ. ಆದರೆ ಅದರ ಜೊತೆಗೆ, ಇಲ್ಲಿ ಅಚ್ಚುಹಾಕಲಾಗದ ಬೈಗುಳ ಸೇರಿಸಿ, ಬಾಯಿ ಮುಚ್ಚು ಎಂದು ದೊಡ್ಡಕ್ಷರಗಳಲ್ಲಿ ಎಲ್ಲರೆದುರೇ ಬರೆದರು. ಆ ಪತ್ರದಿಂದ ಬೈಗುಳವನ್ನೆಲ್ಲ ಹೊಡೆದುಹಾಕಿ ಓದಿನೋಡಿ: ನಿಯಮ ಒಂದಿಷ್ಟೂ ಸಡಿಲವಾಗುವುದಿಲ್ಲ. ಕಳೆದುಕೊಂಡದ್ದು ಮಾತ್ರ ಕಣ್ಣಿಗೆ ಕಾಣುವಂಥದ್ದು. ಯುಎಸ್‌ಬಿ 3.0 ಸಾಧನಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಡ್ರೈವರ್ ತಂತ್ರಾಂಶ ಬರೆದ ಸೇಜ್ ಶಾರ್ಪ್ 2013ರಲ್ಲಿ ಈ ರೀತಿಯ ಮಾತನ್ನು ಬಹಿರಂಗವಾಗಿ ಪ್ರತಿಭಟಿಸಿದರು. ತಾವು ಕರ್ನಲ್ ಕೆಲಸವನ್ನೇ ಬಿಟ್ಟುದಾಗಿ 2015ರಲ್ಲಿ ತಿಳಿಸಿದರು.

ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ ಟೊರ್ವಾಲ್ಡ್ಸ್ ಅವರೇ ತಮ್ಮ ನಡವಳಿಕೆಗೆ ಕ್ಷಮೆ ಕೇಳಿ, 4.19ನೆಯ ಆವೃತ್ತಿಯ ಉಳಿದ ಕೆಲಸವನ್ನು ಕರ್ನಲ್‌ನ ಹಿರಿಯ ನಿರ್ವಾಹಕ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಅವರಿಗೆ ಒಪ್ಪಿಸಿ, ಕೆಲವು ವಾರ ದೂರವಿದ್ದರು. ಯೋಜನೆಗೆ ನಡವಳಿಕೆ ಸಂಹಿತೆಯೂ ಬಂತು. ಆಮೇಲೂ ಅವರು ಕೆಟ್ಟ ಕೋಡನ್ನು ಹಿಂದಿರುಗಿಸುತ್ತಲೇ ಇದ್ದಾರೆ (ನಾಲಿಗೆ ಆಗಾಗ ಜಾರುವುದೂ ಉಂಟು), ಕರ್ನಲ್ ಹೊಸ ಆವೃತ್ತಿಗಳನ್ನು ಕಾಣುತ್ತಲೇ ಇದೆ. ನಿಮ್ಮ ವಾದಕ್ಕೆ ಸ್ವತಃ ಅವರ ಬೆಂಬಲವೇ ಇಲ್ಲದಿರುವಾಗ, ಲೇಖನದ ಆ ಮಾತನ್ನು ಹಿಂತೆಗೆದುಕೊಳ್ಳಬೇಕೆಂಬ ನಿಮ್ಮ ಕೋರಿಕೆಯನ್ನು ನಾನು ಮನ್ನಿಸಲಾರೆ.

— ಸಂಪಾದಕ