ಕಂಬದಲ್ಲಿ ಕೆತ್ತಿದ ಕಥೆ ಯಾರದು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿ. ಎಂಟನೆಯ ತರಗತಿಯ ಮಕ್ಕಳಿಂದ ರಟ್ಟಿನ ಕೊಳವೆಗಳಲ್ಲಿ ಕೆನಡಾದ ಮೂಲನಿವಾಸಿಗಳ ಟೋಟೆಮ್ ಕಂಬಗಳನ್ನು ಮಾಡಿಸಬೇಕೆಂದಿದ್ದೇನೆ. ಪ್ರತಿಯೊಬ್ಬರೂ ತಮಗಿಷ್ಟವಾದ ನಾಲ್ಕು ಪ್ರಾಣಿಗಳನ್ನು ಒಂದರ ಮೇಲೊಂದು ಜೋಡಿಸಿ ಒಂದು ಕಥೆ ಕಟ್ಟಿ ಹೇಳಿದರೆ ಸಾಕಲ್ಲವೇ?

ಉತ್ತರ: ಸಾಲದು ಎಂದೇ ಹೇಳಬೇಕಾಗಿದೆ. ಇಷ್ಟದ ಪ್ರಾಣಿಯನ್ನು ಆರಿಸಿಕೊಳ್ಳುವುದರಿಂದ ತೊಡಗಿದರೆ ಕಂಬದ ತಿರುಳೇ ಕೈತಪ್ಪಿಹೋಗುತ್ತದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಮತ್ತು ಅಮೆರಿಕದ ಅಲಾಸ್ಕದ ಕರಾವಳಿಯ ಹೈಡಾ, ಟ್ಲಿಂಗಿಟ್, ನಿಸ್ಗಾ ಮೊದಲಾದ ಜನರು ಕೆಂಪು ಸೀಡರ್ ಮರದಲ್ಲಿ ಕೆತ್ತಿ ನಿಲ್ಲಿಸುವ ಈ ಕಂಬಗಳಲ್ಲಿನ ಆಕೃತಿಗಳು ಆಯಾ ಮನೆತನಕ್ಕೆ ತಲೆಮಾರುಗಳಿಂದ ಬಂದ ಲಾಂಛನಗಳು. ಹೈಡಾ ಜನರಲ್ಲಿ ಪ್ರತಿಯೊಬ್ಬರೂ ತಾಯಿಯ ಕಡೆಯಿಂದ ರೇವನ್ ಎಂಬ ದೊಡ್ಡ ಕಾಗೆಯ ಪಂಗಡಕ್ಕೋ ಹದ್ದಿನ ಪಂಗಡಕ್ಕೋ ಸೇರುತ್ತಾರೆ ಮತ್ತು ಸಂಪ್ರದಾಯದಂತೆ ಸ್ವಂತ ಪಂಗಡದೊಳಗೆ ಮದುವೆಯಾಗುವುದಿಲ್ಲ. ತುಳುನಾಡಿನಲ್ಲಿ ತಾಯಿಯ ಕಡೆಯಿಂದ ಬರುವ, ಗೋತ್ರದಂಥ 'ಬಳಿ'ಗಳನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಆದ್ದರಿಂದ ಮೊದಲ ಪಾಠ ಕತ್ತರಿ, ಅಂಟು, ಬಣ್ಣಗಳಿಲ್ಲದೆ ನಡೆಯಲಿ. ಒಂದು ಕಂಬದ ದೊಡ್ಡ ಚಿತ್ರವನ್ನು ಗೋಡೆಗೆ ಹಚ್ಚಿ, ಒಂದೇ ಆಕೃತಿ ಕಾಣುವಂತೆ ಉಳಿದುದನ್ನು ಕಾಗದದಿಂದ ಮುಚ್ಚಿರಿ. ಮುಂದಕ್ಕೆ ಚಾಚಿದ ಎರಡು ಅಗಲವಾದ ಹಲ್ಲುಗಳು, ಮುಂಗಾಲುಗಳಲ್ಲಿ ಹಿಡಿದ ಒಂದು ಕೋಲು, ಹೊಟ್ಟೆಯ ಮೇಲಕ್ಕೆ ಮಡಿಚಿದ, ಅಡ್ಡಗೆರೆಗಳಿಂದ ಬಲೆಯಂತೆ ಗೀರಿದ ಬಾಲ ಕಂಡರೆ ಅದು ಬೀವರ್, ಅಂದರೆ ಹಲ್ಲಿನಿಂದ ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ಪ್ರಾಣಿ. ಕೊಕ್ಕು ನೇರವಾಗಿದ್ದರೆ ರೇವನ್, ತುದಿ ಕೆಳಕ್ಕೆ ಬಾಗಿದ್ದರೆ ಹದ್ದು. ಮಕ್ಕಳು ಇವನ್ನು ಬೇಗ ಗುರುತಿಸುತ್ತಾರೆ. ಆಗ ನೀವು ಹೇಳಬೇಕಾದ ಮಾತು ಇದು: ಆಕೃತಿಯನ್ನು ಯಾರು ಬೇಕಾದರೂ ಗುರುತಿಸಬಹುದು, ಆದರೆ ಕಥೆ ಆ ಮನೆತನದವರು ಹೇಳಿದಾಗ ಮಾತ್ರ ತಿಳಿಯುತ್ತದೆ, ಏಕೆಂದರೆ ಹೇಳುವ ಹಕ್ಕೂ ಅವರದೇ. ಕೆಲವು ಜ್ಞಾನ ಪವಿತ್ರವಾದುದು, ಅದನ್ನು ಅನುಮತಿಯಿಂದ ಮಾತ್ರ ಹಂಚಿಕೊಳ್ಳಬೇಕು ಎಂಬುದನ್ನು ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳ ಶಿಕ್ಷಣ ಸಮಿತಿಯು ಕಲಿಕೆಯ ತತ್ವಗಳಲ್ಲೊಂದಾಗಿ ಸೇರಿಸಿದೆ.

ಹಾಗಾದರೆ ನೀವು ಯಾವ ಕಥೆ ಹೇಳಬಹುದು? ಒಂದು ಕಂಬದ ಬಾಳಿನ ಕಥೆಯನ್ನೇ ಹೇಳಿರಿ. ಸಿಡುಬಿನಲ್ಲಿ ತನ್ನ ಮಕ್ಕಳನ್ನೂ ಬಳಗದವರನ್ನೂ ಕಳೆದುಕೊಂಡ ಅದೇ ಕರಾವಳಿಯ ಹೈಸ್ಲಾ ಜನರ ಮುಖಂಡ ಗಪ್ಸ್‌ಗೋಲಕ್ಸ್ 1872ರಲ್ಲಿ ಸುಮಾರು 9 ಮೀಟರ್ ಎತ್ತರದ ಕಂಬವೊಂದನ್ನು ಕೆತ್ತಿಸಿದ. 1929ರಲ್ಲಿ ಆ ಜನರ ಒಪ್ಪಿಗೆಯಿಲ್ಲದೆ ಅದನ್ನು ಕಡಿದು ಸ್ವೀಡನ್ನಿಗೆ ಸಾಗಿಸಲಾಯಿತು. ಕಂಬ ನಿಲ್ಲಿಸುವಾಗ ನೆಂಟರನ್ನು ಕರೆದು, ಉಡುಗೊರೆ ಕೊಟ್ಟು, ಅವರನ್ನು ಸಾಕ್ಷಿಯಾಗಿಸುವ ಪಾಟ್‌ಲ್ಯಾಚ್ ಎಂಬ ಔತಣವನ್ನೇ ಕೆನಡಾ ಸರ್ಕಾರ 1885ರಿಂದ 1951ರವರೆಗೆ ಅಪರಾಧವೆಂದು ನಿಷೇಧಿಸಿತ್ತು. ಹೈಸ್ಲಾ ಜನರು ತಮ್ಮ ಕಂಬವನ್ನು ಮರಳಿ ಕೊಡುವಂತೆ ಬೆನ್ನುಬಿಡದೆ ಕೇಳಿದರು. ಸ್ಟಾಕ್‌ಹೋಮಿನ ಸಂಗ್ರಹಾಲಯಕ್ಕೆಂದು ತಾವೇ ಒಂದು ಪ್ರತಿಕೃತಿಯನ್ನು ಕೆತ್ತಿಕೊಟ್ಟರು. 2006ರಲ್ಲಿ ಮೂಲ ಕಂಬ ಮನೆಗೆ ಮರಳಿತು. ಕಸಿದುಕೊಂಡವರ ಊರಿಗೂ ಒಂದು ಕಂಬವನ್ನು ಕೆತ್ತಿಕೊಟ್ಟ ಆ ದೊಡ್ಡತನ ಮಕ್ಕಳ ಮನಸ್ಸಿನಲ್ಲಿ ಉಳಿಯಬೇಕೆಂಬುದು ನನ್ನ ಆಸೆ.

ಇಷ್ಟಾದ ಮೇಲೆ ಕೈಕೆಲಸ. ಹೈಡಾ ಅಥವಾ ಹೈಸ್ಲಾ ಲಾಂಛನಗಳನ್ನು ನಕಲು ಮಾಡಿಸಬೇಡಿ. ಪ್ರತಿಯೊಂದು ಮಗುವೂ ಮನೆಯ ಹಿರಿಯರಿಂದ ಒಂದು ಘಟನೆಯನ್ನು ಕೇಳಿ, ತರಗತಿಯಲ್ಲಿ ಹೇಳಲು ಅವರ ಒಪ್ಪಿಗೆ ಪಡೆದು ಬರಲಿ. ಅಜ್ಜಿ ಬೇಡವೆಂದರೆ ಬೇರೆ ಕಥೆ ಹುಡುಕಲಿ. ರೂಪಕ್ಕೆ ನಿಮ್ಮ ಜಿಲ್ಲೆಯ ವೀರಗಲ್ಲುಗಳೇ ಮಾದರಿಯಾಗಬಲ್ಲವು: ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ಹೀಗೆ ಕೆಳಗಿನಿಂದ ಮೇಲಕ್ಕೆ ಓದಿಸಿಕೊಳ್ಳುತ್ತವೆ. ಕೊಳವೆಯ ಮೇಲೆ ಮೂರೇ ಹಂತಗಳಿದ್ದರೆ ಸಾಕು. ರಾಗಿ ಕಣ, ಕೆರೆ ಏರಿ, ಮನೆಯ ಎತ್ತು, ಏನು ಬಂದರೂ ಬರಲಿ. ಪ್ರದರ್ಶನದ ದಿನ ಆ ಹಿರಿಯರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿರಿ. ಮಗು ಕಥೆ ಹೇಳುವಾಗ ಅವರೇ ಸಾಕ್ಷಿ.

ಪ್ರಶ್ನೆ: ಟೋಟೆಮ್ ಕಂಬ ನಮ್ಮ ಗರುಡಗಂಬದಂತೆ ಪೂಜೆಗೊಳ್ಳುವುದೇ? ಕೆಳಗಿನ ಆಕೃತಿ ಕೀಳೇ?

ಉತ್ತರ: ಎರಡೂ ಅಲ್ಲ. ಅವು ಪೂಜೆಯ ವಿಗ್ರಹಗಳಲ್ಲ. ಮನೆತನದ ಹಿರಿಮೆ, ಸತ್ತವರ ನೆನಪು, ಕೆಲವೊಮ್ಮೆ ಸಾಲ ತೀರಿಸದವರಿಗೆ ಛೀಮಾರಿ, ಇವುಗಳಿಗಾಗಿ ನಿಲ್ಲಿಸಿದವು. ಎಲ್ಲರ ಕಣ್ಣಿಗೆ ಹತ್ತಿರವಿರುವ ಕೆಳಭಾಗವನ್ನು ಎಷ್ಟೋ ಕಡೆ ಮುಖ್ಯ ಶಿಲ್ಪಿಯೇ ಕೆತ್ತುತ್ತಾನೆ. 'ಟೋಟೆಮ್' ಎಂಬ ಪದವೂ ಈ ಕರಾವಳಿಯದಲ್ಲ. ಅದು ಇಂಥ ಕಂಬಗಳನ್ನು ಕೆತ್ತದ, ಮಹಾ ಸರೋವರಗಳ ಸುತ್ತಲಿನ ಒಜಿಬ್ವೆ ಜನರ ನುಡಿಯಿಂದ ಬಂದದ್ದು.