ಕಬ್ಬಿಣದ ಮೊಳೆ ಮುಳುಗುತ್ತದೆ, ಸಾವಿರಾರು ಟನ್ ತೂಕದ ಹಡಗು ಮಾತ್ರ ತೇಲುವುದು ಹೇಗೆ?

ಹಡಗು ತನ್ನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅದಕ್ಕೇ ತೇಲುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುವುದರಿಂದ ಹಡಗಿನ ತಳವನ್ನು ನೀರು ಮೇಲಕ್ಕೆ ದೂಡುತ್ತದೆ. ಈ ಬಲ ಸರಿದ ನೀರಿನ ತೂಕಕ್ಕೆ ಸಮ. ಇದೇ ಆರ್ಕಿಮಿಡೀಸ್ ತತ್ವ.

ಹಾಗಾಗಿ ತೂಕ ಒಂದನ್ನೇ ನೋಡಿದರೆ ಸಾಲದು, ಆಕಾರವೂ ಮುಖ್ಯ. 10,000 ಟನ್ ಉಕ್ಕು ಗಟ್ಟಿ ಮುದ್ದೆಯಾಗಿದ್ದರೆ ಅದು ಸರಿಸುವುದು ಸುಮಾರು 1,300 ಟನ್ ನೀರು ಮಾತ್ರ, ಆದ್ದರಿಂದ ನೇರ ತಳಕ್ಕೆ ಹೋಗುತ್ತದೆ. ಅದೇ ಉಕ್ಕಿನ ತಗಡುಗಳಿಂದ ಅಗಲವಾದ ಟೊಳ್ಳು ಒಡಲು ಕಟ್ಟಿದರೆ, 10,000 ಟನ್ ನೀರು ಸರಿಯುವಷ್ಟು ಇಳಿದು ಅಲ್ಲಿಗೇ ನಿಲ್ಲುತ್ತದೆ. ಸರಕು ಹೇರಿದಂತೆಲ್ಲ ಇನ್ನಷ್ಟು ಇಳಿಯುತ್ತದೆ.

ನೀರು ಎಂಥದ್ದು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಘನ ಮೀಟರ್ ಸಿಹಿನೀರಿನ ತೂಕ 1,000 ಕೆ.ಜಿ., ಸಮುದ್ರದ ನೀರಿನದು ಸುಮಾರು 1,025. ಸಮುದ್ರದಿಂದ ನದಿಗೆ ಬಂದ ಹಡಗು ತುಸು ಹೆಚ್ಚು ಮುಳುಗುವುದು ಇದರಿಂದಲೇ. ಹಡಗು ಎಲ್ಲಿಯವರೆಗೆ ಮುಳುಗಬಹುದೆಂದು ತೋರಿಸಲು ಅದರ ಪಕ್ಕದಲ್ಲಿ ಬಳಿದಿರುವ ಭಾರದ ಗೆರೆಗಳನ್ನು ಗಮನಿಸಿ: ಸಿಹಿನೀರಿನ ಗೆರೆ ಸಮುದ್ರದ ಗೆರೆಗಿಂತ ಮೇಲಿರುತ್ತದೆ.

ತೂತು ಬಿದ್ದರೆ ಒಳಗಿನ ಗಾಳಿಯ ಜಾಗಕ್ಕೆ ನೀರು ನುಗ್ಗಿ ತೂಕ ಏರುತ್ತದೆ. ನುಗ್ಗಿದ ನೀರು ಒಂದೇ ಕಡೆ ನಿಲ್ಲಲೆಂದು ಒಡಲನ್ನು ನೀರು ಸೋರದ ಗೋಡೆಗಳಿಂದ ಕೋಣೆಗಳಾಗಿ ವಿಂಗಡಿಸಿರುತ್ತಾರೆ.